ತಣ್ಣನೆಯ ಆರು ಕೊಳವೆಗಳು

ಮಾರ್ಚ್ ೭, ಗುರುವಾರ

ಮೂರು ಸಲ ಸೋಪು ಹಾಕಿ ಕೈ ತೊಳೆದೆ. ಅಸಹ್ಯ ಹೋಗಲಿಲ್ಲ.

ದೊಡ್ಡಪ್ಪ ಒಂದು ಕಾಲದಲ್ಲಿ ಓಡಿಸಿದ ರೇಸ್ ಕಾರಿಗೆ ಹಳೆಯ ಫ್ಯಾಮಿಲಿ ಕಾರಿನ ರೋಟರಿ ಎಂಜಿನ್ ಕೂರಿಸಿದ್ದೇವೆ. ಪಿಸ್ಟನ್ನೇ ಇಲ್ಲದ ಪುಟ್ಟ ಎಂಜಿನ್. ಅದರ ಮೇಲೆ ನನಗೆ ದೂರಿಲ್ಲ, ಚೆನ್ನಾಗಿಯೇ ಓಡುತ್ತದೆ. ಹೇಸಿಗೆಯಾಗುವುದು ಪಕ್ಕದ ಆರು ಹೊಗೆ ಕೊಳವೆಗಳನ್ನು ಕಂಡರೆ. ಅವು ಯಾವುದಕ್ಕೂ ಸೇರಿಲ್ಲ. ನಿಜವಾದ ಹೊಗೆ ಹೋಗುವುದು ಕಾರಿನ ಅಡಿಯಿಂದ. ದೊಡ್ಡಪ್ಪನ ಕಣ್ಣಿಗೆ ಹಳೆಯ ಆರು ಸಿಲಿಂಡರಿನ ಎಂಜಿನ್ನೇ ಇರುವಂತೆ ಕಾಣಲಿ ಎಂದು ಭಾವ ಹೇಳಿದರು, ನಾನು ಬೆಸುಗೆ ಹಾಕಿದೆ.

“ದೊಡ್ಡಪ್ಪಂಗೆ ಕಿವಿ ಕೇಳಲ್ಲ, ಶಬ್ದ ಗೊತ್ತಾಗಲ್ಲ. ನೀನು ಬಾಯಿ ಮುಚ್ಕೊಂಡಿದ್ರೆ ಸಾಕು,” ಎಂದಿದ್ದರು.

ಇವತ್ತು ದೊಡ್ಡಪ್ಪ ಗ್ಯಾರೇಜಿಗೆ ಬರುವ ಹೊತ್ತಿಗೆ ಎಂಜಿನ್ ಓಡಲು ಶುರುವಾಗಿ ಅರ್ಧ ಗಂಟೆಯಾಗಿತ್ತು. ಸೀಟಿಗೆ ಇಳಿಯುವಾಗ ಬಲ ಮೊಣಕೈಯನ್ನು ತಟಕ್ಕನೆ ಒಳಗೆ ಎಳೆದುಕೊಂಡರು. ರೇಸಿನ ದಿನಗಳಲ್ಲಿ ಕೊಳವೆ ತಗುಲಿ ಸುಟ್ಟ ಕಲೆ ಅಲ್ಲಿ ಈಗಲೂ ಇದೆ. ಆಮೇಲೆ ಏನನ್ನಿಸಿತೋ, ಕೊಳವೆಯ ಮೇಲೆ ಅಂಗೈ ಇಟ್ಟರು. ತೆಗೆಯಲೇ ಇಲ್ಲ.

“ತಣ್ಣಗಿದೆಯಲ್ಲೋ?”

ಭಾವ ನನ್ನನ್ನೇ ನೋಡಿದರು. ನಾನು ದೊಡ್ಡಪ್ಪನ ಕಿವಿಯ ಹತ್ತಿರ ಬಗ್ಗಿ ಕೂಗಿದೆ: “ಈಗಷ್ಟೇ ಸ್ಟಾರ್ಟ್ ಮಾಡಿದ್ದು, ದೊಡ್ಡಪ್ಪ!”

“ಹೌದೇನೋ,” ಎಂದರು. ಮಡಚಿದ್ದ ಅಂಗಿಯ ತೋಳನ್ನು ಕಲೆಯ ಮೇಲೆ ಇಳಿಸಿ ಗುಂಡಿ ಹಾಕಿಕೊಂಡರು.

ಅವರಿಗೆ ತಿಳಿದುಹೋಗಿದೆ. ಭಾವ ಹೇಳಿದ್ದು ಬಾಯಿ ಮುಚ್ಚಿಕೊಂಡಿರು ಎಂದಷ್ಟೇ, ಸುಳ್ಳು ನನ್ನದೇ. ನಾಳೆ ಹೋಗಿ ನಿಜ ಹೇಳಬೇಕು. ಅದನ್ನೂ ಕೂಗಿಯೇ ಹೇಳಬೇಕು, ಮನೆಯವರೆಲ್ಲ ಕೇಳಿಸಿಕೊಳ್ಳುವ ಹಾಗೆ. ಮೊದಲ ಮಾತು ಏನೆಂದು ಇನ್ನೂ ಹೊಳೆದಿಲ್ಲ.