ಹಿಂದಿನ ಸೀಟಿನ ಧೂಳು

ಶ್ರೀ ಗುರುಬಸವಲಿಂಗಾಯ ನಮಃ

ಪಿರಿಯಾಪಟ್ಟಣ
22-3-1953

ಗೆಳೆಯ ಷಣ್ಮುಖಪ್ಪನಿಗೆ ಲಿಂಗಣ್ಣ ಮಾಡುವ ಶರಣು.

ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ಈ ಸಲ ಆ ಸಾಲು ಬರೆಯಲು ಕೈ ಬರಲಿಲ್ಲ. ಸರ್ವಮಂಗಳ ಹೋಗಿ ಇವತ್ತಿಗೆ ನಲವತ್ತು ದಿನ. ಮಣ್ಣು ಮಾಡಿದ ದಿನ ನೀನು ಹುಣಸೂರಿನಿಂದ ಬಸ್ಸಿನಲ್ಲಿ ಬಂದು ನಮ್ಮ ಹೊಲದ ಬೇಲಿಯ ಹೊರಗೆ ನಿಂತಿದ್ದೆ. ನಾನು ನೋಡಿದೆ, ನೋಡಿಯೂ ಮುಖ ತಿರುಗಿಸಿದೆ. ಹೆಂಡತಿಯನ್ನು ಮಣ್ಣಿಗಿಡುವ ಹೊತ್ತಿನಲ್ಲೂ ಗೆಳೆಯನ ಮೇಲೆ ಸಿಟ್ಟು ಸಾಧಿಸಿದವನು ನಾನು. ಹನ್ನೊಂದನೆಯ ದಿನದ ಗಣಾರಾಧನೆಗೂ ನಿನಗೆ ಹೇಳಿಕಳಿಸಲಿಲ್ಲ.

ಸಿಟ್ಟಿಗೆ ಕಾರಣ ನಿನ್ನ ಲೇಖನ. ಮೈಸೂರಿನ ವಾರಪತ್ರಿಕೆಯಲ್ಲಿ ನೀನು ಮೋಟಾರುಗಳ ಬಗ್ಗೆ ಬರೆಯುವುದನ್ನು ಓದಿ ಓದಿಯೇ ನಮಗೆಲ್ಲ ಕಾರಿನ ಹುಚ್ಚು ಹತ್ತಿದ್ದು. ನಾನು ದಸರೆಯಲ್ಲಿ ಟಾಪು ಮಡಚುವ ಹೊಸ ಕಾರು ತಂದಾಗ ಮೊದಲು ಹತ್ತಿಸಿಕೊಂಡದ್ದೂ ನಿನ್ನನ್ನೇ. ಎರಡು ತಿಂಗಳು ನನ್ನ ಪಕ್ಕ ಕೂತು ತಿರುಗಿದವನು ಡಿಸೆಂಬರಿನಲ್ಲಿ ಏನು ಬರೆದೆ? ಈ ಹೊಸ ಕಾರುಗಳು ನೋಡಲು ಚಂದ, ಎಂಜಿನ್ನಿಗೆ ಹೆಸರಿಡುವಂತಿಲ್ಲ, ಆದರೆ ನಮ್ಮ ಮಣ್ಣು ರಸ್ತೆಯಲ್ಲಿ ಟಾಪು ಇಳಿಸಿದರೆ ಮುಂದೆ ಕೂತವರಿಗೆ ಗಾಳಿ, ಹಿಂದೆ ಕೂತವರಿಗೆ ಧೂಳು. ಹಿಂದಿನ ಸೀಟಿನಲ್ಲಿ ಉಬ್ಬಸದವರಿದ್ದರೆ ದಯವಿಟ್ಟು ಟಾಪು ಹಾಕಿ ಓಡಿಸಿ ಎಂದೂ ಸೇರಿಸಿದ್ದೆ. ನನ್ನ ಮನೆಯಲ್ಲೇ ಉಬ್ಬಸದವಳಿದ್ದಳು. ನನ್ನ ಕಣ್ಣಿಗೆ ಬಿದ್ದದ್ದು ಕಾರಿಗೆ ಇಟ್ಟ ಹೆಸರು ಮಾತ್ರ.

ಕಂಠಪ್ಪನ ಪೆಟ್ರೋಲ್ ಬಂಕಿನಲ್ಲಿ ಆವತ್ತು ನಿನ್ನ ಗ್ರಹಚಾರ ಬಿಡಿಸಿದೆವು. ಕಂಠಪ್ಪನಿಗೆ ಸ್ವಂತ ಕಾರಿಲ್ಲ, ಆದರೆ ಎಲ್ಲರ ಕಾರೂ ಅವನದೇ. “ಟಾಪಿಲ್ದಿದ್ರೆ ಧೂಳ್ ಬತ್ತದೆ ಅಂತ ಬರೆಯೋನು ನಾಳೆ ದ್ವಾಣಿಗೆ ನೀರು ತಾಕ್ತದೆ ಅಂತ ಬರೀತಾನೆ ಬುಡು” ಎಂದ. ಎಲ್ಲರೂ ನಕ್ಕರು. ನಿನಗೆ ಹೊಟ್ಟೆಕಿಚ್ಚು ಎಂದು ನಾನೇ ತೀರ್ಪು ಕೊಟ್ಟೆ. ಅಲ್ಲೇ ಕೂತು ಪತ್ರಿಕೆಗೆ ಉತ್ತರ ಬರೆದೆ. “ಸದಾ ಮುಂದಿನ ಸೀಟಿನಲ್ಲೇ ಕೂತು ಬಿಟ್ಟಿ ಸವಾರಿ ಮಾಡಿದ ಮಹಾಶಯರಿಗೆ ಹಿಂದಿನ ಸೀಟಿನ ಸುದ್ದಿ ಯಾರು ಹೇಳಿದರು?” ಎಂದು ಕೇಳಿದ್ದೆ. ಅಚ್ಚಾಗಿ ಬಂದ ದಿನ ಅದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಸರ್ವಮಂಗಳ ಕೇಳಿಸಿಕೊಂಡು, ಚೆನ್ನಾಗಿ ಬರೆದಿದ್ದೀರಿ ಎಂದು ಹೇಳಿ ಒಳಗೆ ಹೋದಳು. ಹೊಗಳಿದಳು ಎಂದೇ ತಿಳಿದೆ.

ಸಂಕ್ರಾಂತಿ ಕಳೆದ ಮೇಲೆ ಅವಳ ತವರು ಸರಗೂರಿಗೆ ಹೊರಟೆವು. “ಷಣ್ಮುಖಪ್ಪನ ಮಾತು ಸುಳ್ಳು ಅಂತ ದಾರಿಯುದ್ದಕ್ಕೂ ತೋರಿಸಿಬುಡು” ಎಂದು ಕಂಠಪ್ಪ ಹುರಿದುಂಬಿಸಿದ. ತೋರಿಸಿದೆ. ಹುಣಸೂರು, ಕೋಟೆ, ಸರಗೂರು, ಎಲ್ಲೂ ಟಾಪು ಏರಿಸಲಿಲ್ಲ. ನಿನ್ನ ಮನೆಯ ಮುಂದೆ ಎರಡು ಸಲ ಹಾರ್ನ್ ಹೊಡೆದದ್ದೂ ಬೇಕೆಂದೇ. ನಮ್ಮ ಕಡೆಯದು ನಿನಗೆ ಗೊತ್ತಲ್ಲ, ಹೆಂಗಸು ಗಂಡನ ಪಕ್ಕ ಮುಂದಿನ ಸೀಟಿನಲ್ಲಿ ಕೂತರೆ ದಾರಿಯ ಜನವೆಲ್ಲ ಕಣ್ಣು ಬಿಡುತ್ತಾರೆ. ಆ ಸೀಟು ನಿನ್ನದು, ನೀನಿಲ್ಲದ ಮೇಲೆ ಕಂಠಪ್ಪನದು; ಆವತ್ತೂ ಅವನೇ ಕೂತಿದ್ದ. ಅವಳು ಹಿಂದೆ, ಹಣ್ಣಿನ ಬುಟ್ಟಿಯ ಪಕ್ಕ, ಮೂಗಿಗೆ ಸೆರಗು ಒತ್ತಿಕೊಂಡು ಕೂತಿದ್ದಳು. ಒಂದೆರಡು ಸಲ ತಿರುಗಿ ನೋಡಿದೆ, ಬಿಸಿಲಿಗೆ ಅಂದುಕೊಂಡೆ.

ಸರಗೂರಿನಲ್ಲಿ ಇಳಿದಾಗ ಅವಳ ಹುಬ್ಬು ಧೂಳು ಕೂತು ಕೆಂಪಾಗಿತ್ತು, ಮಾತಾಡಲು ಉಸಿರು ಸಾಲುತ್ತಿರಲಿಲ್ಲ. ಅವಳ ಅವ್ವ ಪುಟ್ಟಮಲ್ಲಮ್ಮ ಬಿಸಿನೀರು ತರಲು ಓಡಿದರು. “ಏನಿಲ್ಲ ಕಣ್ರೀ, ದಣಿವು” ಎಂದಳು. ಆಮೇಲೆ ಅವಳು ಎದ್ದು ಓಡಾಡಲೇ ಇಲ್ಲ. ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರು, ಇವರು ಧೂಳಿನಲ್ಲಿ ಏನಾದರೂ ಇದ್ದರಾ ಎಂದು ಕೇಳಿದರು. ಇಲ್ಲ ಎಂದೆ. ಷಣ್ಮುಖಪ್ಪ, ಇದನ್ನು ಇನ್ನೂ ಯಾರಿಗೂ ಹೇಳಿಲ್ಲ. ಹೌದು ಎಂದಿದ್ದರೆ ನಿನ್ನ ಲೇಖನ ನಿಜವಾಗುತ್ತಿತ್ತು. ಅವಳು ಹಾಸಿಗೆಯ ಮೇಲಿನಿಂದ ನನ್ನ ಮುಖ ನೋಡಿದಳು, ನನ್ನ ಮಾತನ್ನು ಸುಳ್ಳು ಮಾಡಲಿಲ್ಲ.

ಮೊನ್ನೆ ಕಂಠಪ್ಪನ ಕೈಗೆ ಕಾರು ಕೊಟ್ಟು, ಟಾಪು ಇಳಿಸಿ, ಮೊದಲ ಸಲ ನಾನು ಹಿಂದೆ ಕೂತೆ. ಕಂಪಲಾಪುರದವರೆಗೆ ಹೋಗೋಣ ಎಂದುಕೊಂಡಿದ್ದೆ. ಅರ್ಧ ದಾರಿಗೇ ಕಣ್ಣು ಬಿಡಲಾಗಲಿಲ್ಲ, ಹಲ್ಲಿನ ನಡುವೆ ಮಣ್ಣು ಕರಕರ ಎನ್ನುತ್ತಿತ್ತು. ಚಕ್ರ ಎಬ್ಬಿಸಿದ ಧೂಳು ಹಿಂದಕ್ಕೆ ಹೋಗುವುದಿಲ್ಲ, ಸುತ್ತಿಕೊಂಡು ಬಂದು ಹಿಂದಿನ ಸೀಟಿನ ಮೇಲೆಯೇ ಕೂರುತ್ತದೆ. ಮುಂದೆ ಕಂಠಪ್ಪ ಶಿಳ್ಳೆ ಹಾಕಿಕೊಂಡು ಓಡಿಸುತ್ತಿದ್ದ, ಅವನ ಬಿಳಿ ಅಂಗಿ ಬಿಳಿಯಾಗಿಯೇ ಇತ್ತು. ನಿಲ್ಲಿಸು ಎಂದು ಎರಡು ಸಲ ಕೂಗಿದರೂ ಅವನಿಗೆ ಕೇಳಿಸಲಿಲ್ಲ. ಅವಳು ಎಷ್ಟು ಸಲ ಕೂಗಿದ್ದಳೋ ನನಗೆ ಗೊತ್ತಿಲ್ಲ. ರಸ್ತೆ ಬದಿಯಲ್ಲಿ ಇಳಿದು ಮಗುವಿನ ಹಾಗೆ ಅತ್ತೆ.

ಇದರ ಜೊತೆ ಪತ್ರಿಕೆಗೆ ಬರೆದ ಇನ್ನೊಂದು ಕಾಗದವಿದೆ. ನೀನು ಬರೆದದ್ದು ಅಕ್ಷರಶಃ ನಿಜ, ನಾನು ಬರೆದದ್ದು ದುರಹಂಕಾರ ಎಂದು ಹೆಸರು ಹಾಕಿ ಬರೆದಿದ್ದೇನೆ. ಒಮ್ಮೆ ಓದಿ ನೀನೇ ಕಳಿಸು. ಟಾಪು ಹಾಕಿ ಕಾರನ್ನು ಕೊಟ್ಟಿಗೆಗೆ ತಳ್ಳಿಯಾಯಿತು. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಆದರೂ ನಿನ್ನ ಮನೆಯವರನ್ನು ಕರೆದುಕೊಂಡು ಒಂದು ದಿನ ಬಾ. ಬೇಲಿಯ ಹೊರಗೆ ನಿಲ್ಲಬೇಡ.

ನಿನ್ನವನು ಎಂದು ಬರೆಯಲು ಹಿಂಜರಿಯುವ,
ಲಿಂಗಣ್ಣ

ಮರೆತಿದ್ದೆ: ಇವತ್ತು ಬೆಳಿಗ್ಗೆ ಅವಳ ಸೀರೆಗಳನ್ನು ಸರಗೂರಿಗೆ ಕಳಿಸಲೆಂದು ಟ್ರಂಕು ತೆಗೆದೆ. ತಳದಲ್ಲಿ ನಿನ್ನ ಲೇಖನವನ್ನು ಕತ್ತರಿಸಿ ಮಡಿಚಿಟ್ಟಿದ್ದಳು. ನನ್ನ ಉತ್ತರ ಅಲ್ಲಿರಲಿಲ್ಲ. ಹಿಂದಿನ ಸೀಟಿನ ಸುದ್ದಿ ನಿನಗೆ ಯಾರು ಹೇಳಿದರೆಂಬ ಪ್ರಶ್ನೆಗೆ ಇನ್ನು ನೀನು ಉತ್ತರ ಬರೆಯಬೇಕಾಗಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ, ಅವಳ ಗುಂಡಗಿನ ಅಕ್ಷರದಲ್ಲಿ ಹೀಗಿತ್ತು: “ನಾನು ಹೇಳಿದ ಹಾಗೇ ಷಣ್ಮುಖಪ್ಪಣ್ಣ ಬರೆದರು. ಇನ್ನು ಇವರು ಟಾಪು ಹಾಕುತ್ತಾರೆ.”