ಗುಡ್ಡವಿಲ್ಲದ ಲೆಕ್ಕ

ರಾಮದುರ್ಗ ತಾಲ್ಲೂಕು
ಜನವರಿ 18, 2025

ಗೌರೀಶ ಅವರಿಗೆ,

ಮನೆ ಬಿಟ್ಟು ತವರಿಗೆ ಬಂದ ಮೇಲೆ ಇದೇ ಮೊದಲ ಪತ್ರ. ಸಂಸಾರದ ಮಾತಿಗಲ್ಲ, ಹೆದರಬೇಡಿ. ಬೈಲಹೊಂಗಲದ ಭೌತಶಾಸ್ತ್ರದ ಮಾಸ್ತರರೆಂದು ಸಹಿ ಹಾಕಿ ನೀವು ಕ್ವಾರಿ ಮಾಲಕನಿಗೆ ಕೊಟ್ಟ ವರದಿಯಿಂದ ನಮ್ಮೂರ ಇಮಾಮಸಾಬ ಕಾಕಾ ಜೈಲಿನಲ್ಲಿದ್ದಾರೆ.

ಗುಡ್ಡದ ಮೇಲಿನ ಕ್ವಾರಿಯಲ್ಲಿ ಮದ್ದು ಸಿಡಿಸಿದರು. ತೆಂಗಿನಕಾಯಿ ಗಾತ್ರದ ಕಲ್ಲೊಂದು ಹಾರಿ ಬಂದು ಮಹಿಳಾ ಸಂಘದ ಕೋಣೆಯ ತಗಡು ಹರಿದು ಬಿತ್ತು. ಒಳಗಿದ್ದ ಒಬ್ಬಾಕೆಯ ಕೈ ಮುರಿಯಿತು. ಯಾರ ಕೈ ಎಂದು ನೀವು ಕೇಳಲಿಲ್ಲ. ಕೋಣೆ ನಾಲ್ಕುನೂರು ಮೀಟರ್ ದೂರ, ಕಲ್ಲು ಹೆಚ್ಚೆಂದರೆ ಮುನ್ನೂರ ಅರವತ್ತೇಳು ಮೀಟರ್ ಹಾರೀತು, ಆದ್ದರಿಂದ ಇದು ಕ್ವಾರಿಯ ಕಲ್ಲಲ್ಲ ಎಂದು ಬರೆದುಕೊಟ್ಟಿರಿ. ಹಾಗಾದರೆ ಒಗೆದವರು ಯಾರು? ಕ್ವಾರಿ ಮುಚ್ಚಿಸಿ ಎಂದು ಅರ್ಜಿ ಕೊಟ್ಟವರು ಕಾಕಾ. ಜೋಳದ ಹೊಲದಲ್ಲಿ ಕವಣೆ ಬೀಸಿ ಹಕ್ಕಿ ಓಡಿಸುವವರೂ ಅವರೇ. ಕ್ವಾರಿಯ ಮೇಲೆ ಗೂಬೆ ಕೂರಿಸಲು ತಾನೇ ಕಲ್ಲು ಬೀಸಿದ ಎಂದು ಕೇಸಾಯಿತು. ಕವಣೆ ಜಪ್ತಿ, ಮನುಷ್ಯನೂ ಜಪ್ತಿ.

ಪೊಲೀಸ್ ಜೀಪು ಹತ್ತುವಾಗ ಕಾಕಾ ಹೇಳಿದರು: "ಸಾಹೇಬ್ರ, ಹಕ್ಕಿ ಹೊಡ್ಯಾಕ ಇಂಥಾ ಗುಂಡು ಯಾರ್ ಒಗೀತಾರ್ರಿ? ಇದಕ್ಕ ಕವಣಿ ಅಲ್ಲ, ತೋಪ ಬೇಕ್ರಿ." ಫೌಜದಾರ ನಿಮ್ಮ ವರದಿ ಅಲುಗಾಡಿಸಿದ: "ಕಲಿತವ್ರು ಬರದಾರ. ಸುಮ್ನ ಹತ್ತು."

ಕಲಿತವರಂತೆ. ನಾನೂ ನಿಮ್ಮ ಜೊತೆಗೇ ಬಿ.ಎಸ್ಸಿ. ಓದಿದವಳು. ನಿಮ್ಮ ಸೂತ್ರ ಸರಿ, ಗುಣಾಕಾರ ಭಾಗಾಕಾರ ಸರಿ. ನೆಲವೇ ಸುಳ್ಳು. ಕಲ್ಲು ಹಾರಿದ ಜಾಗ, ಬಿದ್ದ ಜಾಗ ಎರಡೂ ಒಂದೇ ಮಟ್ಟದಲ್ಲಿವೆ ಎಂದು ಹಿಡಿದಿದ್ದೀರಿ. ಕ್ವಾರಿ ಇರುವುದು ಊರಿಗಿಂತ ನಲವತ್ತೈದು ಮೀಟರ್ ಮೇಲೆ. ಅಷ್ಟು ಕೆಳಗಿಳಿಯುವ ತನಕ ಕಲ್ಲು ಮುಂದೆ ಸಾಗುತ್ತಲೇ ಇರುತ್ತದೆ. ನಿಮ್ಮದೇ ವೇಗ, ನಿಮ್ಮದೇ ಕೋನ ಇಟ್ಟರೆ ನಾಲ್ಕುನೂರ ಎಂಟು ಮೀಟರ್ ಬರುತ್ತದೆ. ಗಾಳಿಯ ತಡೆ ಎನ್ನುತ್ತೀರಾ? ಅದನ್ನು ನೀವೂ ಬಿಟ್ಟಿದ್ದೀರಿ. ಇನ್ನು ಆ ವೇಗ ಹೇಳಿದವನು ಯಾರು? ಮಾಲಕ.

ಇದನ್ನು ನನಗೆ ತೋರಿಸಿದವರು ನೀವು. ಮದುವೆಯಾದ ವರ್ಷ ಎಳ್ಳಮಾಸಿ ಹಬ್ಬಕ್ಕೆ ಅದೇ ಗುಡ್ಡ ಏದುಸಿರು ಬಿಡುತ್ತ ಹತ್ತಿದಿರಿ. ಬುತ್ತಿ ಉಂಡು, ಅಂಚಿಗೆ ನಿಂತು ಹರಳು ಒಗೆದು, ಕೆಳಗಿಂದ ಒಗೆದದ್ದಕ್ಕಿಂತ ಎಷ್ಟು ದೂರ ಹೋಯಿತು ನೋಡು ಎಂದಿರಿ. ಈಗ ಫೋನಿನ ನಕ್ಷೆಯಲ್ಲಿ ಬೆರಳಿಟ್ಟು ದೂರ ಅಳೆದಿದ್ದೀರಿ. ನನ್ನ ತವರಿಗೆ ಕಾಲಿಡಬಾರದೆಂಬ ಹಟಕ್ಕೆ ಒಂದು ಗುಡ್ಡವನ್ನೇ ಅಳಿಸಿಬಿಟ್ಟಿರಿ. ಇದು ಮರೆವೋ, ಮಾಲಕನ ಮುಲಾಜೋ ನನಗೆ ತಿಳಿಯದು. ಮರೆವಾದರೆ ಇನ್ನೂ ತಿದ್ದಬಹುದು.

ಸೋಮವಾರ ಜಾಮೀನಿನ ವಿಚಾರಣೆ. ಬನ್ನಿ, ಗುಡ್ಡ ಹತ್ತಿ ಅಳೆಯಿರಿ. ವರದಿ ತಪ್ಪೆಂದು ಕೋರ್ಟಿನಲ್ಲಿ ನಿಮ್ಮ ಬಾಯಿಂದಲೇ ಹೇಳಿ. ಬರದಿದ್ದರೆ ಸಂಘದ ಹೆಣ್ಣುಮಕ್ಕಳೆಲ್ಲ ನಿಮ್ಮ ಕಾಲೇಜಿಗೆ ಬರುತ್ತೇವೆ. ನಿಮ್ಮ ಹುಡುಗರ ಮುಂದೆ, ನಿಮ್ಮ ಕರಿಹಲಗೆಯ ಮೇಲೆ ಗುಡ್ಡ ಬರೆದು ತೋರಿಸುತ್ತೇವೆ.

ಇನ್ನೂ ಕಾಗದದ ಮೇಲೆ ಮಾತ್ರ ನಿಮ್ಮವಳು,
ಯಶೋಧಾ

ತಾ.ಕ.: ಅಕ್ಷರ ನನ್ನದಲ್ಲವೆಂದು ಇದನ್ನು ಸುಳ್ಳು ಪತ್ರ ಎನ್ನಬೇಡಿ. ನಾನು ಹೇಳಿದೆ, ಕಾಕಾರ ಮಗಳು ಫಿರದೋಸ್ ಬರೆದಳು. ನನ್ನ ಬಲಗೈ ಪ್ಲಾಸ್ಟರಿನಲ್ಲಿದೆ.