ತಮ್ಮನಿಗೂ ಜಾಗವಿದ್ದ ಶಾಲೆ

ಜೂನ್ 9

ಏಳರ ಬಸ್ಸು. ಡಬ್ಬಿ ಮರೆತೆ. ಸಿರುಗುಪ್ಪ ಆಫೀಸಿನಲ್ಲಿ ಕರೆಂಟಿಲ್ಲ.

ಕ್ಯಾಂಪಿನ ಶಾಲೆಗೆ ಬೀಗ ಬಿತ್ತು. ಇನ್ನು ಮಕ್ಕಳೆಲ್ಲ ದೊಡ್ಡ ಶಾಲೆಗೆ. ವಿಲೀನ. ಕರೂರಿನಲ್ಲಿ ಬಸ್ಸಿಳಿದು ಗದ್ದೆ ದಾಟಿದರೆ ಈ ಕ್ಯಾಂಪು, ಕೂಲಿಯವರ ಕೇರಿ, ಒಬ್ಬರೇ ಮೇಷ್ಟ್ರು, ಐದು ತರಗತಿ. ಡಿಸೆಂಬರಿನಲ್ಲಿ ಶಿಕ್ಷಣ ಇಲಾಖೆಯಿಂದ ಪರಿಶೀಲನೆಗೆ ಹೋದವಳು ನಾನೇ, ಮುಚ್ಚಬಹುದು ಎಂದು ಬರೆದವಳೂ ನಾನೇ. ಹಾಜರಿ ಪುಸ್ತಕದ ತುಂಬ ಹೆಸರು, ಕೋಣೆಯಲ್ಲಿ ಬೆರಳೆಣಿಕೆಯ ಮಕ್ಕಳು. ಸುಳ್ಳು ಹಾಜರಿ, ಇನ್ನೇನು.

ಬಳ್ಳಾರಿಯಲ್ಲಿ ನಾನು ಓದಿದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಲ್ಯಾಬ್ ಇತ್ತು, ಲೈಬ್ರರಿ ಇತ್ತು. ಇವರಿಗೂ ಇರಲಿ ಅನ್ನುವುದು ತಪ್ಪೇ? ಅಲ್ಲ ಅನಿಸುತ್ತದೆ.

ಜುಲೈ 14

ದೊಡ್ಡ ಶಾಲೆಗೆ ಹೋಗಿದ್ದೆ. ಸರ್ಕಾರ ಮಾತು ತಪ್ಪಿಲ್ಲ — ವ್ಯಾನ್ ಇದೆ, ಕಂಪ್ಯೂಟರ್ ಇದೆ, ಗೋಡೆಗೆ ಹೊಸ ಬಣ್ಣ. ವ್ಯಾನಿನಿಂದ ಕ್ಯಾಂಪಿನ ಹುಡುಗರು ಇಳಿದರು, ಒಂದಿಬ್ಬರು ಪುಟ್ಟ ಹುಡುಗಿಯರು. ದೊಡ್ಡ ಹುಡುಗಿಯರು ಎಲ್ಲಿ?

ಹೆಡ್‌ಮಾಸ್ಟರ್ ಸಿದ್ದಲಿಂಗೇಶ್ ಹಣೆ ಒತ್ತಿಕೊಂಡರು. “ಮೊದಲ ವಾರ ಬಂದಿದ್ರು ಮೇಡಂ. ಬಗಲಾಗ ಒಂದೊಂದು ಕೂಸು! ಡ್ರೈವರ್ ಹತ್ತಸ್ಕೊಳ್ಳಲ್ಲ ಅಂದ. ನಾನೂ ಬ್ಯಾಡ ಅಂದೆ.”

“ಹುಡುಗಿಯರನ್ನೇ ಬೇಡ ಅಂದ್ರಾ?”

“ಕೂಸು ಬ್ಯಾಡ ಅಂದೆ. ಬಿದ್ದು ತಲಿ ಒಡಕೊಂಡ್ರ ನನ್ನ ನೌಕರಿ ನೀವು ಉಳಸ್ತೀರೇನ್ರಿ?”

ನಾಳೆ ಕ್ಯಾಂಪಿಗೆ ಎಂದು ಗುರುತು ಹಾಕಿಕೊಂಡೆ.

ಜುಲೈ 15

ಕ್ಯಾಂಪ್. ತಾಯಂದಿರೆಲ್ಲ ಬೆಳಕು ಹರಿಯುವ ಮೊದಲೇ ಟ್ರ್ಯಾಕ್ಟರ್ ಹತ್ತಿ ನಾಟಿಗೆ ಹೋಗಿದ್ದರು. ಬೀಗ ಹಾಕಿದ ಶಾಲೆಯ ಕಟ್ಟೆಯ ಮೇಲೆ ಹುಡುಗಿಯರ ಸಾಲು. ಎಲ್ಲರ ಮಡಿಲಲ್ಲೂ ಕೂಸು.

ಐದನೇ ತರಗತಿಯ ಗೌತಮಿ ಎದ್ದು ನಿಂತಳು, ತಮ್ಮ ಸಮ್ರಾಟನ ಸಮೇತ. ಶಾಲೆ ಯಾಕೆ ಬಿಟ್ಟೆ ಎಂದೆ.

“ಬಿಟ್ಟಿಲ್ರಿ ಮೇಡಂ. ಇವ ನಡಿಯಾಕ ಕಲ್ತ ಮ್ಯಾಲೆ ಬರ್ತೀನಿ. ಅಲ್ಲಿತನಕ ಹೆಸರು ಇರ್ತೈತಲ್ರಿ?”

“ಮೊದಲು ಹೇಗೆ ಬರ್ತಿದ್ದೆ?”

“ಮರಿಬಸಪ್ಪ ಸರ್ ಕಿಟಕಿಗೆ ಸೀರಿ ಕಟ್ಟಿ ಜೋಲಿ ಹಾಕಿದ್ರು. ಒಂದು ಕೈಲೆ ಬೋರ್ಡು, ಒಂದು ಕೈಲೆ ಜೋಲಿ! ಮಗ್ಗಿ ಹೇಳಿದ್ರ ಸಾಕು, ಇವ ಮಕ್ಕೊಂಡುಬಿಡ್ತಿದ್ದ.”

“ನಾನು ಬಂದ ದಿನ ಜೋಲಿ ಇರಲಿಲ್ಲವಲ್ಲ?”

ಹುಡುಗಿಯರು ಒಬ್ಬಳನ್ನೊಬ್ಬಳು ತಿವಿದು ನಕ್ಕರು. “ನೀವು ಬರ್ತೀರಂತನ ನಮ್ಮನ್ನ ಮನಿಗೆ ಕಳ್ಸಿದ್ರಲ್ರಿ!”

ಕುಳಿತುಬಿಟ್ಟೆ. ಅಲ್ಲೇ, ಕಟ್ಟೆಯ ಮೇಲೆ.

ಜುಲೈ 19. ಕುರುಗೋಡು

ಮರಿಬಸಪ್ಪ ಮೇಷ್ಟ್ರಿಗೆ ಈಗ ಇಲ್ಲಿ ಡ್ಯೂಟಿ. ಕೇಳಿದೆ — ಯಾಕೆ ಹಾಗೆ ಮಾಡಿದಿರಿ?

“ಏನ್ ಮಾಡ್ಲಿರಿ? ಹಿಂದಕ ಒಬ್ಬ ಸಾಹೇಬ್ರು ಜೋಲಿ ನೋಡಿ, ಸಾಲಿ ನಡಸ್ತೀಯೋ ಬಾಣಂತನ ಮಾಡ್ತೀಯೋ ಅಂತ ಉಗಿದು ಹೋಗಿದ್ರು. ಅವತ್ತಿಂದ ಆಫೀಸ್ನವರು ಬರ್ತಾರಂದ್ರ ಕೂಸಿನ ಹುಡುಗೇರ್ನೆಲ್ಲ ಕಳಿಸಿಬಿಡ್ತಿದ್ದೆ. ಸಾಲಿ ಸ್ವಚ್ಛ ಕಾಣ್ಲಿ ಅಂತ.” ಚಹಾ ಆರುತ್ತಿತ್ತು. “ಮುಚ್ಚುವಷ್ಟು ಸ್ವಚ್ಛ ಕಾಣ್ತೈತಂತ ತಿಳೀಲಿಲ್ಲ ಮೇಡಂ.”

ನನಗೆ ಹೆದರಿ ಮಕ್ಕಳನ್ನು ಅಡಗಿಸಿದರು. ಮಕ್ಕಳಿಲ್ಲ ಎಂದು ನಾನು ಬರೆದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಇದೊಂದೇ ಯೋಚನೆ. ಜೋಲಿ ಕಣ್ಣಿಗೆ ಬಿದ್ದಿದ್ದರೆ ನಾನಾದರೂ ಏನು ಬರೆಯುತ್ತಿದ್ದೆ? ... ಗೊತ್ತಿಲ್ಲ. ಗೊತ್ತಿದೆ.

ಜುಲೈ 28. ಬಳ್ಳಾರಿ

ಜಿಲ್ಲಾ ಮೀಟಿಂಗ್. ಎದ್ದು ನಿಂತು ಹೇಳಿದೆ — ಕ್ಯಾಂಪಿನ ಶಾಲೆ ಮತ್ತೆ ತೆರೆಯಿರಿ, ಇಲ್ಲವೇ ದೊಡ್ಡ ಶಾಲೆಯಲ್ಲಿ ಕೂಸುಗಳಿಗೊಂದು ಕೋಣೆ, ಒಬ್ಬ ಆಯಾ.

“ಕೂಸು ನಮ್ಮ ಇಲಾಖೆಗೆ ಬರಲ್ಲ ಮೇಡಂ,” ಎಂದರು ಜಿಲ್ಲೆಯ ಸಾಹೇಬರು. ನಗು. ನನ್ನ ಪಕ್ಕದವರೂ ನಕ್ಕರು.

ನನ್ನ ವರದಿ ತಪ್ಪು ಸರ್, ವಾಪಸ್ ತಗೋತೀನಿ ಎಂದೆ.

“ಛೇ, ಒಳ್ಳೇ ರಿಪೋರ್ಟ್ ಅದು. ಎಲ್ಲರಿಗೂ ಸ್ಯಾಂಪಲ್ ಅಂತ ಕಳಿಸಿದ್ದೀವಿ. ರಾರಾವಿ ಕಡೆ ಇನ್ನೊಂದಿಷ್ಟು ಸಣ್ಣ ಶಾಲೆಗಳಿವೆ, ನೀವೇ ನೋಡಿಬನ್ನಿ.”

ಶಾಲೆಗಳ ಪಟ್ಟಿ ಕೊಟ್ಟರು. ಮಡಚಿ ಚೀಲಕ್ಕೆ ಹಾಕಿಕೊಂಡೆ.

ಆಗಸ್ಟ್ 6

ರಾರಾವಿಗೆ ಹೋಗಲಿಲ್ಲ. ಕರೂರಿನಲ್ಲೇ ಇಳಿದೆ. ಗೌತಮಿ ಕಟ್ಟೆಯ ಮೇಲಿರಲಿಲ್ಲ. ಗದ್ದೆಯಲ್ಲಿದ್ದಳು — ಹೆಂಗಸರ ಸಾಲಿನಲ್ಲಿ, ಮೊಣಕಾಲುದ್ದ ಕೆಸರು, ಕೈಯಲ್ಲಿ ಸಸಿಯ ಕಟ್ಟು. ತಲೆ ಎತ್ತಲಿಲ್ಲ.

ಅವಳ ತಾಯಿ ಉಚ್ಚೆಂಗೆಮ್ಮ ಸೊಂಟ ನೆಟ್ಟಗೆ ಮಾಡಿಕೊಂಡಳು. “ನಾನು ಬಿಡ್ಸಿಲ್ರಿ ಸಾಲಿ. ನೀವು ಬಿಡ್ಸೀರಿ. ಸುಮ್ನ ಕುಂತಿದ್ಲು, ಕರಕೊಂಬಂದೆ.”

“ಹಾಗಾದರೆ ಕೂಸು?”

ಬದುವಿನ ಕಡೆ ಗದ್ದ ಎತ್ತಿದಳು.

ಯಶೋಧರಾ. ಗೌತಮಿಯ ತಂಗಿ, ಎರಡನೇ ತರಗತಿ, ಹೋದ ತಿಂಗಳು ವ್ಯಾನಿನಿಂದ ಇಳಿದವಳು. ಯೂನಿಫಾರ್ಮ್‌ನಲ್ಲೇ ಇದ್ದಳು. ನನ್ನನ್ನು ಕಂಡದ್ದೇ ತಮ್ಮನನ್ನು ಬಾಚಿ ಎತ್ತಿಕೊಂಡು ಜಾಲಿ ಗಿಡದ ಹಿಂದೆ ಓಡಿದಳು. ಕರೆದೆ. ಬರಲಿಲ್ಲ. ಹತ್ತಿರ ಹೋದೆ. ಕೂಸಿನ ಬಾಯಿಗೆ ಅಂಗೈ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು, ನನ್ನನ್ನೇ ನೋಡುತ್ತಿದ್ದಳು — ಆಫೀಸಿನವರು ಬಂದರೆ ಕೂಸು ಕಾಣಬಾರದಲ್ಲ.